ಬೀಗದಣ್ಣ ಬಚ್ಚಿಟ್ಟ ಎರಡು ಅಕ್ಷರ

ನಮ್ಮ ಬೀದಿಯಲ್ಲಿ ಕೀಲಿ ಕಳೆದುಕೊಳ್ಳದವರಿಲ್ಲ, ಬೀಗದಣ್ಣನ ಅಂಗಡಿ ಮೆಟ್ಟಿಲು ಹತ್ತದವರೂ ಇಲ್ಲ. ಅವನದೊಂದು ಪದ್ಧತಿ. ಪೂರ್ತಿ ಕೆತ್ತಿದ ಕೀಲಿಯನ್ನು ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ. ಕೊನೆಯ ಹಲ್ಲೊಂದನ್ನು ಉಳಿಸಿಕೊಂಡು, ಯಜಮಾನರೇ ಎದುರು ಬಂದು ನಿಂತಾಗ ಅರದಿಂದ ಉಜ್ಜಿ ಮುಗಿಸುತ್ತಾನೆ.

ಅವನ ತಾಯಿ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದವರು. ಈಗ ಕಣ್ಣಿಗೆ ಪೊರೆ ಬಂದು, ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಬರುವವರ ದನಿ ಕೇಳುವುದಷ್ಟೇ ಕೆಲಸ. ಮುಂದಿನ ಗುರುವಾರ ಆಪರೇಷನ್. ಬುಧವಾರದೊಳಗೆ ಹಣ ಕಟ್ಟದಿದ್ದರೆ ಸರದಿ ಮೂರು ತಿಂಗಳು ಮುಂದೆ ಹೋಗುತ್ತಿತ್ತು. ಆ ಹಣ ಕಳಿಸಬೇಕಾದವಳು, ಹೊರದೇಶದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದ ಅಕ್ಕ.

ಶುಕ್ರವಾರ ಬೆಳಗ್ಗೆ ಅವಳ ಫೋನು ಬಂತು.

"ತಮ್ಮಾ, ದುಡ್ಡು ಹೋಗ್ಲಿಲ್ಲ ಕಣೋ. ನೀನು ಕೊಟ್ಟ ಬ್ಯಾಂಕ್ ಕೋಡು ಸರಿ ಇಲ್ಲ ಅಂತಿದಾರೆ."

"ಸರಿಯಾಗೇ ಇದೆ ಅಕ್ಕ. ಕೊನೇ ಎರಡು ಅಕ್ಷರ ನನ್ನ ಹತ್ರ ಇಟ್ಕೊಂಡಿದೀನಿ. ನೀನು ಬಂದಾಗ ಹೇಳ್ತೀನಿ."

"ನಾನು ಬರೋದು ಇನ್ನು ಎರಡು ವರ್ಷಕ್ಕೆ."

ಬೀರುವಿನ ಕೀಲಿಗೆಂದು ಕಾಯುತ್ತಿದ್ದ, ಬೀದಿ ತುದಿಯ ಬ್ಯಾಂಕಿನ ಕೌಂಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅದನ್ಯಾಕೆ ಬಚ್ಚಿಟ್ರಿ?"

"ಖಾತೆ ತೆರೆಯೋ ಕೋಡಲ್ವಾ ಮೇಡಂ? ಪೂರ್ತಿ ಕೊಟ್ರೆ ಯಾರಾದ್ರೂ ಬಾಚ್ಕೊಂಡು ಹೋಗ್ತಾರೆ."

"ಅದು ಕೀಲಿ ಅಲ್ಲ, ವಿಳಾಸ. ನಿಮ್ಮ ಬಾಗಿಲ ಮೇಲೆ ಅಂಗಡಿ ನಂಬರ್ ಬರೆದಿದೀರಲ್ಲ, ಅದನ್ನ ಓದಿದೋನು ಬೀಗ ತೆಗೀತಾನಾ?"

ಬೀಗದಣ್ಣ ತನ್ನದೇ ಬಾಗಿಲನ್ನು ಹೊಸದಾಗಿ ನೋಡಿದ. ಕೌಂಟರಮ್ಮ ಗೋಡೆಯ ಹಲಗೆಯ ಮೇಲೆ ಬ್ಯಾಂಕಿನ ಕೋಡನ್ನು ದೊಡ್ಡದಾಗಿ ಬರೆದರು.

"ಏನು ಬರೆದೆ ತಾಯಿ, ನಂಗೆ ಕಾಣಲ್ಲ," ಎಂದರು ಮೂಲೆಯಿಂದ ಅಮ್ಮ.

"ಸ್ವಿಫ್ಟ್ ಕೋಡು ಅಮ್ಮ, ಬಿಐಸಿ ಅಂತಲೂ ಅಂತಾರೆ. ಮೊದಲ ನಾಲ್ಕಕ್ಷರ ಯಾವ ಬ್ಯಾಂಕು ಅಂತ. ಆಮೇಲಿನ ಎರಡು ದೇಶ, ಮತ್ತೆರಡು ಜಾಗ, ಕೊನೇ ಮೂರು ಶಾಖೆ. ಕೆಲವು ಕಡೆ ಎಂಟೇ ಇರುತ್ತೆ, ಅದೂ ಸರಿ. ನಿಮ್ಮ ಮಗನ ಹಾಗೆ ಒಂಬತ್ತು ಮಾತ್ರ ಎಲ್ಲೂ ಇಲ್ಲ."

ಅಮ್ಮ ಬೆರಳು ಮಡಿಚಿ ಎಣಿಸಿದರು. "ನಾವು ಆರು ಸಾಲಿನ ವಿಳಾಸ ಹಿಡ್ಕೊಂಡೂ ಪಕ್ಕದ ಬೀದಿಗೆ ಕಾಗದ ಕಳಿಸಿಬಿಡ್ತಿದ್ವಿ. ಇಡೀ ಲೋಕಕ್ಕೆ ಹನ್ನೊಂದೇ ಅಕ್ಷರ ಸಾಕಾ?"

"ಸಾಕು. ಇದೇ ಸಾಲು ಇನ್ನೊಂದು ಬ್ಯಾಂಕಿಗೆ ಇಲ್ಲ."

ಬೀಗದಣ್ಣನ ಕೈಯಲ್ಲಿದ್ದ ಅರ ಅಲ್ಲೇ ನಿಂತಿತು. ಐದು ಹಲ್ಲಿನ ಕೀಲಿ ಕೆತ್ತುವಾಗಲೆಲ್ಲ, ಇದು ಇನ್ನೊಬ್ಬರ ಮನೆಗೂ ಹೊಂದಿಬಿಟ್ಟೀತೆಂಬ ಅಂಜಿಕೆ ಅವನಿಗೆ. ಅಕ್ಕನ ಬೆವರಿನ ಹಣ ಕಡಲು ದಾಟಿ, ಸಾವಿರಾರು ಬ್ಯಾಂಕುಗಳನ್ನು ಬಿಟ್ಟು, ನಮ್ಮ ಬೀದಿ ತುದಿಯ ಪುಟ್ಟ ಶಾಖೆಗೇ ಬರುತ್ತದೆಂದರೆ!

"ಹಾಗಾದ್ರೆ ಬಚ್ಚಿಡೋದು ಯಾವುದನ್ನ?"

"ಪಿನ್, ಪಾಸ್‌ವರ್ಡ್, ಫೋನಿಗೆ ಬರೋ ಓಟಿಪಿ. ಅದನ್ನ ನಾನು ಕೇಳಿದ್ರೂ ಹೇಳ್ಬೇಡಿ."

ಬೀಗದಣ್ಣ ಹನ್ನೊಂದೂ ಅಕ್ಷರ ಬರೆದು ಕಳಿಸಿದ. ಅಕ್ಕ ಫೋನಿನಲ್ಲಿ ತಿರುಗಿ ಓದಿ ಹೇಳಿದಳು. ಮಂಗಳವಾರ ಹಣ ಖಾತೆಗೆ ಬಂತು, ಗುರುವಾರ ಆಪರೇಷನ್ ಆಯಿತು.

ಹತ್ತು ದಿನದ ಮೇಲೆ ಅಮ್ಮ ಮತ್ತೆ ಅಂಗಡಿಯ ಕುರ್ಚಿಯಲ್ಲಿ ಕೂತರು. ಹಲಗೆಯನ್ನು ಯಾರೂ ಒರೆಸಿರಲಿಲ್ಲ. ಅವರು ಒಂದೊಂದೇ ಅಕ್ಷರ ಬಾಯಿಬಿಟ್ಟು ಓದಿದರು, ಹನ್ನೊಂದನ್ನೂ. "ನನ್ನ ಮಗಳ ದುಡಿಮೆ ಬಂದ ದಾರಿ ಇದು," ಎಂದರು. ಮಗ ಮುಖ ಆ ಕಡೆ ತಿರುಗಿಸಿ ಸುಮ್ಮನೆ ಅರ ಹುಡುಕತೊಡಗಿದ.

ನಿಮ್ಮವರೂ ದೂರ ದೇಶದಲ್ಲಿ ದುಡಿಯುತ್ತಿದ್ದಾರೆಯೇ? ನಿಮ್ಮ ಶಾಖೆಗೇ ಹೋಗಿ ಸ್ವಿಫ್ಟ್ ಕೋಡು ಕೇಳಿ. ಶಾಖೆಗೆ ಬೇರೆ ಕೋಡು ಇಲ್ಲದಿದ್ದರೆ ಯಾವುದನ್ನು ಕೊಡಬೇಕೆಂದು ಅವರೇ ಹೇಳುತ್ತಾರೆ. ಪಾಸ್‌ಬುಕ್ಕಿನಲ್ಲಿರುವಂತೆಯೇ ಹೆಸರು, ಖಾತೆ ಸಂಖ್ಯೆ, ಜೊತೆಗೆ ಪೂರ್ತಿ ಕೋಡು ಬರೆದು ಕಳಿಸಿ, ಒಮ್ಮೆ ತಿರುಗಿ ಓದಿಸಿಕೊಳ್ಳಿ. ಹಣ ಕಳಿಸಲು ನಿಮ್ಮ ಪಿನ್ ಯಾರಿಗೂ ಬೇಕಿಲ್ಲ. ಕೇಳಿದರೆ ಫೋನು ಇಟ್ಟುಬಿಡಿ. ವಿಳಾಸ ಮಾತ್ರ ಪೂರ್ತಿ ಕೊಡಿ. ಅಷ್ಟು ದೂರದಿಂದ ಬರುವ ದುಡಿಮೆಯನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ.