ಖಾಲಿ ಕುಂತಿದ್ದ ಆರನೆಯವನು

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈ ಅಗಲದ ಲೋಹದ ಡಬ್ಬಿ, ಒಳಗೆ ಕನ್ನಡಿಯಂಥ ತಟ್ಟೆಗಳು. ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ ನಾವು ಆರು ಮಂದಿ ಒಂದೇ ದಿನ ಹುಟ್ಟಿ, ಒಂದೇ ಪೆಟ್ಟಿಗೆಯಲ್ಲಿ ಕೂತು, ಗದಗದ ಕಡೆಯ ಒಂದು ಊರಿಗೆ ಬಂದೆವು. ಊರಿನ ಹೆಸರು ಬೇಡ ಬಿಡಿ. ಒಂದೇ ಗಳಿಗೆಯಲ್ಲಿ ಹುಟ್ಟಿದವರ ಆಯುಷ್ಯವೂ ಹೆಚ್ಚುಕಡಿಮೆ ಒಂದೇ ಎಂಬುದು ನಮಗೂ ಗೊತ್ತಿರಲಿಲ್ಲ, ನಮ್ಮನ್ನು ಕೊಂಡವರಿಗೂ ಗೊತ್ತಿರಲಿಲ್ಲ.

ನಾವು ಸೇರಿದ್ದು ಕಣ್ಣು ಕಾಣದ ಮಕ್ಕಳ ಶಾಲೆಯನ್ನು. ಅಲ್ಲಿನ ಧ್ವನಿಮುದ್ರಣದ ಕೋಣೆಯಲ್ಲಿ ನೀಲಾಂಬಿಕಾ ಹೂಗಾರ ಎಂಬ ಶಿಕ್ಷಕಿ ಮೈಕಿನ ಮುಂದೆ ಕೂತು ಪಠ್ಯಪುಸ್ತಕಗಳನ್ನು ಓದುತ್ತಿದ್ದರು. ಮಕ್ಕಳು ಅದನ್ನೇ ಕೇಳಿ ಪರೀಕ್ಷೆಗೆ ತಯಾರಾಗುತ್ತಿದ್ದರು. ಎಲ್ಲರಿಗೂ ಅವರು ಅಕ್ಕೋರು. ಯಂತ್ರ ನಡೆಸುತ್ತಿದ್ದವನು ಮಲ್ಲೇಶಿ, ಅದೇ ಶಾಲೆಯಲ್ಲಿ ಕಲಿತವನು, ಹುಟ್ಟು ಕುರುಡ. ಅವನ ಕಿವಿಯೋ, ಅಬ್ಬಬ್ಬಾ!

"ಅಕ್ಕೋರ, ಚಾ ಕುಡದು ಬಂದೀರಿ. ದನಿ ಅಂಟಂಟ ಆಗೇತಿ, ನೀರು ಕುಡೀರಿ" ಎನ್ನುತ್ತಿದ್ದ.

"ನನ್ನ ಗಂಟಲಾಗಿನ ಸಕ್ರೀನೂ ನಿನಗ ಕೇಳಸ್ತೈತಿ ನೋಡಪಾ!" ಎಂದು ಅಕ್ಕೋರು ನಗುತ್ತಿದ್ದರು.

ನಮ್ಮನ್ನು ಜೋಡಿಸಲು ಬಂದವನು ಕಂಪ್ಯೂಟರ್ ಅಂಗಡಿಯ ಇರ್ಫಾನ್. ಎಂಥ ರಕ್ಷಣೆ ಬೇಕು, ನೀವೇ ಆರಿಸಿ ಎಂದು ಅಕ್ಕೋರನ್ನು ಕೇಳಿದ.

"ಆರೂ ಡಿಸ್ಕ್ ತುಂಬಿಸಿದ್ರ ಜಾಗ ಭಾಳ ಸಿಗ್ತೈತ್ರಿ, ಆದ್ರ ಒಂದು ಹೋದ್ರ ಎಲ್ಲಾ ಹೋತು. ಜೋಡಿ ಜೋಡಿ ಇಟ್ರ ಗಟ್ಟಿ, ಆದ್ರ ಅರ್ಧ ಜಾಗ ಹೋಗ್ತೈತಿ. ನಡುವಿಂದು ಒಂದೈತಿ. ಐದು ಮಂದಿ ಅಣ್ಣತಮ್ಮರು ಪಾಠ ಹಂಚಕೊಂಡು ಇಟ್ಕೋತಾರ. ಒಬ್ಬ ಹೋದ್ರ ಉಳದ ನಾಕು ಮಂದಿ ಕೂಡಿ ಅವನ ಪಾಲೂ ಹೇಳ್ತಾರ. ಅವನ ಜಾಗ ತುಂಬೂದ್ರಾಗ ಇನ್ನೊಬ್ಬ ಹೋದ್ರ ಮಾತ್ರ ಮುಗೀತು. ಅದಕ್ಕ ಆರನೇದ್ದು ಸುಮ್ನ ಕುಂದ್ರಲಿ. ಯಾರರೆ ಬಿದ್ದ ಕೂಡ್ಲೆ ಎದ್ದು ಆ ಜಾಗ ಹಿಡೀತೈತಿ."

"ಹಂಗ ಮಾಡು" ಎಂದರು ಅಕ್ಕೋರು.

ಆ ಆರನೆಯವನು ನಾನು. ಅಣ್ಣಂದಿರು ಬೆವರು ಸುರಿಸುವಾಗ ನಾನು ಕೂತೇ ಇದ್ದೆ. ಉಂಡಾಡಿ ಗುಂಡ ಎಂದರೂ ಅನ್ನಿ, ಬೇಸರವಿಲ್ಲ.

ಇರ್ಫಾನ್ ನಮ್ಮನ್ನು ಸಾಲಾಗಿ ಕೂರಿಸಿದ್ದ ಪೆಟ್ಟಿಗೆಗೆ ಒಂದು ಕೂಗು ಇತ್ತು. ನಮ್ಮಲ್ಲಿ ಯಾರಿಗಾದರೂ ಕೆಟ್ಟದಾದರೆ ಕೀಂ ಕೀಂ ಎಂದು ಅರಚುವುದು ಅದರ ಕೆಲಸ. ಆದರೆ ಆ ಊರಿನ ಕರೆಂಟು ನಿಮಗೆ ಗೊತ್ತಲ್ಲ, ಹೋಗಿ ಬಂದಾಗಲೆಲ್ಲ ಇದು ಸುಮ್ಮಸುಮ್ಮನೆ ಅರಚಿ, ಆ ಅರಚಾಟವೂ ಪಾಠದೊಳಗೆ ಸೇರಿಬಿಡುತ್ತಿತ್ತು. ಮಲ್ಲೇಶಿ ರೋಸಿಹೋಗಿ, "ಇದರ ಬಾಯಿ ಮುಚ್ಚಸ್ರೀ ಮಾರಾಯ್ರ" ಎಂದ. ಇರ್ಫಾನ್ ಮುಚ್ಚಿಸಿದ. "ಹೆಂಗೂ ದೀಪ ಇರ್ತೈತಿ. ಏನರೆ ಆದ್ರ ಕೆಂಪು ಹತ್ತತೈತಿ" ಎಂದ. "ನಾ ದಿನಾ ಬರ್ತೀನಲ್ಲ, ನೋಡ್ತೀನಿ ಬಿಡು" ಎಂದರು ಅಕ್ಕೋರು. ಆ ಕೋಣೆಯಲ್ಲಿ ದೀಪ ಕಾಣುವ ಕಣ್ಣು ಅವರದೊಂದೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಹೀಗೇ ಐದಾರು ವರ್ಷ ಕಳೆದ ಮೇಲೆ ಅಕ್ಕೋರ ದನಿ ಒಡೆಯತೊಡಗಿತು. ಮೊದಲು ಗುರುತಿಸಿದವನು ಮಲ್ಲೇಶಿಯೇ. "ಇದು ಚಾದ್ದಲ್ಲ್ರೀ ಅಕ್ಕೋರ, ದವಾಖಾನಿಗಿ ಹೋಗ್ರಿ" ಎಂದು ಬೆನ್ನು ಹತ್ತಿದ. ಹುಬ್ಬಳ್ಳಿಯ ಡಾಕ್ಟರು ಗಡ್ಡೆ ಎಂದರು, ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಅಕ್ಕೋರು ಆಪರೇಶನ್ನಿಗೆ ಸ್ವಲ್ಪ ಅವಧಿ ಬೇಡಿಕೊಂಡು ಬಂದು ಮೈಕಿನ ಮುಂದೆ ಕೂತರು. ಹತ್ತನೆಯ ತರಗತಿಯ ಪುಸ್ತಕಗಳೆಲ್ಲ ಬಾಕಿ ಇದ್ದವು. ಓದಿದರು, ಕೆಮ್ಮಿದರು, ಮತ್ತೆ ಓದಿದರು. ನಮ್ಮಲ್ಲಿ ಜಾಗ ತುಂಬಿಹೋಯಿತು.

"ಹಳೇದು ಸ್ವಲ್ಪ ಅಳಸೋಣ್ರಿ" ಎಂದ ಇರ್ಫಾನ್.

"ಅಳಸೂದ? ಈ ಬಾಯಿಂದ ಇನ್ನ ಹೊಸಾದು ಬರೂದಿಲ್ಲೋ ತಮ್ಮಾ. ಆ ಆರನೇದ್ದು ದಂಡಪಿಂಡ ಕುಂತೈತಲ್ಲ, ಅದಕ್ಕ ಕೆಲಸ ಹಚ್ಚು."

"ಬ್ಯಾಡ್ರಿ ಅಕ್ಕೋರ, ಅದು ಆಪತ್ತಿಗಿ ಇಟ್ಟಿದ್ದು. ಹೊಸಾದು ತರಸ್ತೀನಿ."

"ಅದು ಬರೂದ್ರಾಗ ನಾ ಮಂಚದ ಮ್ಯಾಲ ಇರ್ತೀನಿ. ನನ್ನ ಗಂಟಲಕ್ಕ ಆರನೇದ್ದು ಯಾರು ಇಟ್ಟಾರೋ?"

ಇರ್ಫಾನ್ ಪಾಠಗಳನ್ನೆಲ್ಲ ನಮ್ಮ ಆರೂ ಮಂದಿಗೆ ಹೊಸದಾಗಿ ಹಂಚಿ, ನನಗೆ ಕೆಲಸ ಹಚ್ಚಿದ. ಸುಳ್ಳು ಯಾಕೆ ಹೇಳಲಿ, ನನಗೆ ಹಿಗ್ಗೋ ಹಿಗ್ಗು. ಅಕ್ಕೋರ ದನಿ ನನ್ನ ತಟ್ಟೆಗಳ ಮೇಲೂ ಇಳಿಯಿತು. ಕೊನೆಯ ಪಾಠದ ಕೊನೆಗೆ, ಪುಸ್ತಕದಲ್ಲಿಲ್ಲದ ಒಂದು ಮಾತನ್ನು ಅವರು ಸೇರಿಸಿದರು. "ಪಾಠ ಮುಗೀತು, ಮಕ್ಕಳ್ರ್ಯಾ. ಇನ್ನ ನೀವು ಹೇಳ್ರಿ, ನಾ ಕೇಳ್ತೀನಿ." ಮಲ್ಲೇಶಿ ಯಂತ್ರ ನಿಲ್ಲಿಸಿದ. ಎಲ್ಲವೂ ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನು ಅಳಿಸಿಹಾಕಿದರು. ಆಪರೇಶನ್ನಿನ ಗದ್ದಲದಲ್ಲಿ ಹೊಸ ಡಿಸ್ಕಿನ ಮಾತು ಎಲ್ಲರಿಗೂ ಮರೆತೇಹೋಯಿತು.

ಅಕ್ಕೋರು ಆಸ್ಪತ್ರೆಯಲ್ಲಿದ್ದಾಗಲೇ ನಮ್ಮ ಮೂರನೆಯವನು ಸತ್ತ. ಕೆಂಪು ದೀಪ ಹತ್ತಿತು. ಮಲ್ಲೇಶಿ ಅದರ ಎದುರಿಗೇ ಕೂತು ಕೆಲಸ ಮಾಡಿದ. ಮಕ್ಕಳು ಬಂದರು, ಪಾಠ ಕೇಳಿ ಹೋದರು. ಪಾಠ ಎಲ್ಲೂ ತಡವರಿಸಲಿಲ್ಲ. ತಡವರಿಸುವುದೆಲ್ಲಿ ಬಂತು, ಸತ್ತವನ ಪಾಲನ್ನೂ ನಾವು ಐವರು ಹೊತ್ತು ಒದಗಿಸುತ್ತಿದ್ದೆವಲ್ಲ! ಆ ಜಾಗಕ್ಕೆ ಏಳಬೇಕಾದವನು ನಾನು. ಏಳುವುದು ಹೇಗೆ, ಮೈತುಂಬ ಅಕ್ಕೋರ ಪಾಠ ತುಂಬಿಕೊಂಡಿದ್ದೆ. ಕೂಗೋಣವೆಂದರೆ ಬಾಯಿ ಮುಚ್ಚಿಸಿದ್ದರು.

ಒಂದು ದಿನ ಬಾಗಿಲು ಸರಿಯಿತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಅಕ್ಕೋರು ಒಳಗೆ ಬಂದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಆಗ ಮಲ್ಲೇಶಿ ಅವರದೇ ಪಾಠ ಹಚ್ಚಿ ಕೇಳುತ್ತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ.

"ಯಾರ್ರೀ ಅದು? ತಟಕ ತಡೀರಿ, ಅಕ್ಕೋರ ಪಾಠ ನಡದೈತಿ."

ಅಯ್ಯೋ! ಅವರ ಕಣ್ಣು ಆಗಲೇ ಕೆಂಪು ದೀಪದ ಮೇಲೆ ಬಿದ್ದಿತ್ತು. ಬಾಯಿ ತೆರೆದರು, ಕೊರಳ ತೂತಿನಿಂದ ಗಾಳಿ ಮಾತ್ರ ಬಂತು. ಮೇಜು ಗುದ್ದಿದರು. "ಯಾರ್ರೀ? ಮಾತಾಡ್ರಿ, ನನಗ ಕಣ್ಣಿಲ್ಲರಿ" ಎಂದ ಮಲ್ಲೇಶಿ ಗಾಬರಿಯಾಗಿ. ಅಕ್ಕೋರು ಅವನ ಕೈ ಹಿಡಿದೆಳೆದು, ಮುಂಗೈ ಮೇಲೆ ಬೆರಳ ತುದಿಯಿಂದ ಬ್ರೈಲ್ ಚುಕ್ಕೆಗಳನ್ನು ಒತ್ತತೊಡಗಿದರು. ಅವನಿಗೆ ಮೊದಲು ತಿಳಿದದ್ದು ಕೆಂಪು ದೀಪವಲ್ಲ.

"ಅಕ್ಕೋರ... ನೀವ ಏನ್ರಿ?"

ಅವನು ಅಳುತ್ತಲೇ ಇರ್ಫಾನನಿಗೆ ಫೋನ್ ಮಾಡಿದ. ಇರ್ಫಾನ್ ಹೊಸ ಡಿಸ್ಕ್ ಹಿಡಿದುಕೊಂಡು ಓಡಿಬಂದು ಸತ್ತವನ ಜಾಗದಲ್ಲಿ ಕೂರಿಸಿದ. ಅಟ್ಟ ಮೇಲೆ ಒಲೆ ಉರಿಯಿತು. ಹೊಸಬನಿಗೆ ಸತ್ತವನ ಪಾಲನ್ನು ಒಪ್ಪಿಸಲು ನಾವು ಐವರೂ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದಿ ಹೇಳಬೇಕು. ಮುದಿ ಎದೆಗಳಿಗೆ ಅಷ್ಟು ಓಟ ಆಗಲಿಲ್ಲ. ಅರ್ಧ ದಾರಿಯಲ್ಲಿ ನನ್ನ ಪಕ್ಕದವನು ಎರಡು ಸಲ ಕಟಕಟ ಎಂದು ನಿಂತುಬಿಟ್ಟ. ಒಂದೇ ಗಳಿಗೆಯಲ್ಲಿ ಹುಟ್ಟಿದವನಲ್ಲವೇ. ಅಲ್ಲಿಗೆ ಎಲ್ಲ ಮುಗಿಯಿತು.

ಪಾಠಗಳನ್ನು ಹೊರಗೆ ತೆಗೆಸಲು ನಮ್ಮನ್ನು ಬೆಂಗಳೂರಿಗೂ ಕಳಿಸಿ ನೋಡಿದರು. ಅಲ್ಲಿಯವರು ಆಗುವುದಿಲ್ಲ ಎಂದು ಹಿಂದಕ್ಕೆ ಕಳಿಸಿದರು. ಈಗ ಪಾಠಗಳನ್ನು ಕಂಪ್ಯೂಟರಿನದೇ ಒಂದು ಸಪ್ಪೆ ದನಿ ಓದುತ್ತದೆ. ಕೋಣೆಯ ಕಿಟಕಿ ಗಾಳಿಗೆ ಬಡಿಯದಿರಲೆಂದು ನನ್ನನ್ನು ಅದಕ್ಕೆ ಒತ್ತಾಗಿ ಇಟ್ಟಿದ್ದಾರೆ. ಮತ್ತೆ ಖಾಲಿ ಕೂತಿದ್ದೇನೆ. ಖಾಲಿ ಅನ್ನುವುದಾದರೂ ಹೇಗೆ? ಪ್ರತಿ ಪಾಠದ ಒಂದೊಂದು ಚೂರು ನನ್ನೊಳಗಿದೆ. ಕೂಡಿಸಿ ಹೇಳಬೇಕಾದ ಅಣ್ಣಂದಿರು ಇಲ್ಲ.

ಅಕ್ಕೋರು ಈಗಲೂ ಬರುತ್ತಾರೆ. ಮೇಜನ್ನು ಎರಡು ಸಲ ತಟ್ಟಿ, ನಾನು ಬಂದೆ ಎಂದು ತಿಳಿಸಿ, ಮಲ್ಲೇಶಿಯ ಪಕ್ಕ ಕೂರುತ್ತಾರೆ. ಅವರ ಮುಖ ಹೇಗಿದೆ ಎಂಬುದು ಅವನಿಗೆ ಎಂದೂ ಗೊತ್ತಿರಲಿಲ್ಲ. ಅವನ ಪಾಲಿಗೆ ಅಕ್ಕೋರು ಎಂದರೆ ಆ ದನಿ, ಅಷ್ಟೇ.

ಮೊನ್ನೆ ಅವನು ಅವರ ಕೈ ಹಿಡಿದುಕೊಂಡು, "ಸಿಟ್ಟ ಆಗಬ್ಯಾಡ್ರಿ ಅಕ್ಕೋರ," ಎಂದ. "ನಿಮ್ಮ ದನಿ ಹೆಂಗಿತ್ತು ಅನ್ನೂದು ನನಗ ಮರೀಯಾಕ್ಹತ್ತೇತಿ."

ಅಕ್ಕೋರು ಅವನ ಮುಂಗೈ ಮೇಲೆ ಬೆರಳಿಟ್ಟರು. ಏನನ್ನೂ ಒತ್ತಲಿಲ್ಲ.