ರಕ್ತ ಕೇಳಿದರೆ ಕಾಲಿಗೆ ಬುದ್ಧಿ ಹೇಳಿದವರು

ಹೆರಿಗೆ ಆಸ್ಪತ್ರೆಯ ಹಜಾರದಲ್ಲಿ ಬೆಳಿಗ್ಗೆಯಿಂದ ನೆಂಟರೋ ನೆಂಟರು. ಬೆಂಚು ಸಾಲದೆ ಕೆಲವರು ಮೆಟ್ಟಿಲ ಮೇಲೆ ಕುಳಿತಿದ್ದರು. ಹೆಣ್ಣು ಮಗು ಹುಟ್ಟಿತು ಎಂದಾಗ ಎಲ್ಲರ ಮುಖವೂ ಅರಳಿತು. ಸ್ವಲ್ಪ ಹೊತ್ತಿನಲ್ಲೇ ವಾರ್ಡಿನ ನರ್ಸ್ ಓಡಿಬಂದರು.

"ಬಾಣಂತಿಗೆ ರಕ್ತ ಹೋಗೋದು ನಿಲ್ತಾ ಇಲ್ಲ. ಅವರ ಗುಂಪಿನ ರಕ್ತ ನಮ್ಮಲ್ಲಿದ್ದದ್ದು ಎರಡೇ ಚೀಲ, ಎರಡೂ ಏರಿಸ್ತಿದ್ದೀವಿ. ಬೇರೆ ಆಸ್ಪತ್ರೆಯಿಂದ ಇನ್ನೂ ತರಿಸ್ತಿದ್ದೀವಿ. ಇಲ್ಲಿ ರಕ್ತನಿಧಿ ಖಾಲಿ, ಮತ್ತೆ ತುಂಬಿಸಬೇಕು, ಯಾವ ಗುಂಪಾದ್ರೂ ಸರಿ. ನಿಮ್ಮಲ್ಲಿ ಯಾರು ಕೊಡ್ತೀರಿ? ಬೇಗ ಬನ್ನಿ."

ಹಜಾರ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಬ್ಬರಿಗೆ ಫೋನ್ ಬಂತು. ಇನ್ನೊಬ್ಬರಿಗೆ ಗಾಡಿ ಅಡ್ಡ ನಿಲ್ಲಿಸಿದ್ದು ನೆನಪಾಯಿತು. ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿಯಿತು.

ಬಾಣಂತಿಯ ಗಂಡ ಲಾರಿ ಚಾಲಕ, ದೂರದೂರಿನಲ್ಲಿದ್ದ. ಉಳಿದವರು ಮೂವರೇ. ಬಾಣಂತಿಯ ದೊಡ್ಡಣ್ಣ, ಬಡಗಿ; ಅವನ ಹೆಂಡತಿ, ಬಟ್ಟೆ ಹೊಲಿಯುವ ಅತ್ತಿಗೆ; ವ್ಯಾಯಾಮಶಾಲೆ ನಡೆಸುವ ಚಿಕ್ಕಣ್ಣ. ಚಿಕ್ಕಣ್ಣನ ತೋಳು ನೋಡಿ ಎಲ್ಲರೂ ಅವನನ್ನು ಪೈಲ್ವಾನ ಎಂದೇ ಕರೆಯುತ್ತಿದ್ದರು.

ಮೊದಲು ಎದ್ದವಳು ಅತ್ತಿಗೆ. ರಕ್ತನಿಧಿಯ ಸಿಸ್ಟರ್ ಅವಳ ಬೆರಳಿಗೆ ಚುಚ್ಚಿ ಪರೀಕ್ಷಿಸಿ ತಲೆಯಾಡಿಸಿದರು. "ಅಕ್ಕ, ನಿಮ್ಮ ಹಿಮೋಗ್ಲೋಬಿನ್ ಒಂಬತ್ತಿದೆ. ಹನ್ನೆರಡೂವರೆಯಾದ್ರೂ ಇರಬೇಕು. ನೀವು ಕೊಡೋ ಹಾಗಿಲ್ಲ. ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಿ."

ಅತ್ತಿಗೆ ಹೊರಗೆ ಬಂದಾಗ ಗಂಡ ಗೋಡೆ ನೋಡುತ್ತಾ ನಿಂತಿದ್ದ.

"ನೀವು ಹೋಗ್ರೀ," ಎಂದಳು.

"ಅದೇ ಯೋಚನೆ ಕಣೇ. ನಾನು ಗರಗಸದ ಮಿಷನ್ ಮುಂದೆ ನಿಲ್ಲೋನು. ತಲೆ ಸುತ್ತಿದ್ರೆ ಬೆರಳೇ ಹೋಗುತ್ತೆ."

"ನೀನು?" ಎಂದು ಮೈದುನನತ್ತ ತಿರುಗಿದಳು.

ಪೈಲ್ವಾನ ಎರಡು ಹೆಜ್ಜೆ ಹಿಂದೆ ಸರಿದ. "ಬೆವರು ಸುರಿಸಿ ಬೆಳೆಸಿದ ಮೈ ಅತ್ತಿಗೆ. ಹೋದ ರಕ್ತ ಮತ್ತೆ ಬರುತ್ತಾ? ದುಡ್ಡು ಕೊಟ್ರೆ ಯಾರಾದ್ರೂ ಸಿಗ್ತಾರೆ, ವಿಚಾರಿಸ್ತೀನಿ."

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು.

"ದುಡ್ಡು ಕೊಟ್ಟು ಯಾರೋ ಬಡಪಾಯಿನ ಹಿಂಡ್ಕೊಂಡು ಬರ್ತೀಯಾ? ಕನ್ನಡಿ ಮುಂದೆ ಉಬ್ಬಿಸೋಕೆ ಮಾತ್ರನಾ ಆ ತೋಳು? ಕೊಡ್ತೀನಿ ಅಂತ ಹೋದ ನನ್ನನ್ನ ಬೇಡ ಅಂದ್ರು. ಕೊಡಬಲ್ಲ ನೀವಿಬ್ಬರೂ ನೆವ ಹುಡುಕ್ತಿದ್ದೀರಿ. ಒಳಗೆ ಸಾಯ್ತಾ ಇರೋಳು ನನ್ನ ತಂಗಿ ಅಲ್ಲ, ನಿಮ್ಮ ತಂಗಿ! ಅವಳಿಗೇನಾದ್ರೂ ಆದ್ರೆ ಆಮೇಲೆ ನನ್ನ ಮುಂದೆ ಕೂತು ಅಳಬೇಡಿ. ನಾನು ನೋಡಲ್ಲ!"

ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಸಿಸ್ಟರ್ ಹೊರಬಂದರು. ಅವರ ದನಿಯಲ್ಲೂ ಬಿಸಿ ಇತ್ತು.

"ಅಣ್ಣ, ಮಿಷನ್ ಭಯ ಸರಿಯಾದದ್ದೇ. ಇವತ್ತು ಅದನ್ನ ಮುಟ್ಟಬೇಡಿ, ಭಾರ ಎತ್ತಬೇಡಿ, ನೀರು ಚೆನ್ನಾಗಿ ಕುಡೀರಿ. ನಾಳೆ ಆರಾಮಾಗಿದ್ರೆ ಕೆಲಸಕ್ಕೆ ಹೋಗಿ. ಮೈಯಲ್ಲಿ ಐದು ಲೀಟರಿನಷ್ಟು ರಕ್ತ ಇರುತ್ತೆ. ನಾವು ತಗೊಳ್ಳೋದು ಅರ್ಧ ಲೀಟರೂ ಇಲ್ಲ. ಅದರ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತೆ, ರಕ್ತಕಣ ಕೆಲವು ವಾರದಲ್ಲಿ. ಇನ್ನು ದುಡ್ಡಿಗೆ ರಕ್ತ ಕೊಡೋರ ಮಾತು ಎತ್ತಲೇಬೇಡಿ. ಅಂಥವರು ಕಾಯಿಲೆ ಮುಚ್ಚಿಡ್ತಾರೆ."

"ಸೂಜಿ...?" ಪೈಲ್ವಾನನ ದನಿ ಸಣ್ಣಗಾಗಿತ್ತು.

"ಪ್ರತಿಯೊಬ್ಬರಿಗೂ ಹೊಸದು. ನಿಮ್ಮೆದುರೇ ತೆಗೀತೀವಿ. ಆಮೇಲೆ ಎಸೀತೀವಿ."

ದೊಡ್ಡಣ್ಣ ಅಂಗಿಯ ತೋಳು ಮಡಚುತ್ತಾ ಒಳಗೆ ನಡೆದ; ಪೈಲ್ವಾನ ಹಜಾರದಲ್ಲೇ ಉಳಿದ. ಸಿಸ್ಟರ್ ದೊಡ್ಡಣ್ಣನ ತೂಕ, ರಕ್ತದೊತ್ತಡ ನೋಡಿ ಮಲಗಿಸಿದರು. ಚೀಲ ತುಂಬುತ್ತಿರುವಾಗ ಅವನು ಕೇಳಿದ, "ಇದು ಈಗಲೇ ತಂಗಿಗೆ ಹೋಗುತ್ತಾ?"

"ಇಲ್ಲ ಅಣ್ಣ. ಮೊದಲು ಪರೀಕ್ಷೆ ಆಗಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಈಗ ಅವರಿಗೆ ಏರ್ತಿರೋದು ಯಾರೋ ಮೊದಲೇ ಬಂದು ಕೊಟ್ಟು ಹೋದ ರಕ್ತ. ನಿಮ್ಮದು ಮುಂದೆ ಇನ್ಯಾರದೋ ತಂಗಿಗೆ."

"ಯಾರು ಕೊಟ್ಟಿದ್ದು?"

"ಗೊತ್ತಿದ್ರೂ ಹೇಳೋ ಹಾಗಿಲ್ಲ."

ದೊಡ್ಡಣ್ಣ ಮುಖವನ್ನು ಆಚೆ ತಿರುಗಿಸಿಕೊಂಡ.

ಮಧ್ಯಾಹ್ನ ಐಸ್ ಪೆಟ್ಟಿಗೆಯಲ್ಲಿ ಬೇರೆ ಆಸ್ಪತ್ರೆಯ ರಕ್ತ ಬಂತು. ಕೊನೆಗೂ ರಕ್ತಸ್ರಾವ ನಿಂತಿತು. "ತಡವಾಗಿದ್ರೆ ಕಷ್ಟವಿತ್ತು," ಎಂದಷ್ಟೇ ಡಾಕ್ಟರ್ ಹೇಳಿದರು. ಸುದ್ದಿ ತಿಳಿದದ್ದೇ ತಡ, ಫೋನ್ ಬಂದವರು, ಸೊಂಟ ಹಿಡಿದವರು ಎಲ್ಲರೂ ನಗುನಗುತ್ತಾ ಮರಳಿದರು. ಅತ್ತಿಗೆ ಯಾರನ್ನೂ ಮಾತಾಡಿಸಲಿಲ್ಲ.

ಅತ್ತಿಗೆ ಎತ್ತಿಕೊಂಡಿದ್ದ ಮಗುವಿಗಾಗಿ ಪೈಲ್ವಾನ ಕೈ ಚಾಚಿದ.

"ಬೆಳಿಗ್ಗೆ ಎಲ್ಲಿತ್ತು ಈ ಕೈ?" ಎಂದಳು ಅತ್ತಿಗೆ.

ಅವನು ತಲೆ ತಗ್ಗಿಸಿದ. "ನಂಗೆ... ಸೂಜಿ ಅಂದ್ರೆ ಭಯ ಅತ್ತಿಗೆ."

"ಭಯ ಅಂದ್ರೆ ಭಯ ಅನ್ನು. ಬೆವರು, ಮೈ ಅಂತ ಕಥೆ ಕಟ್ಟಬೇಡ. ನಡಿ, ನಾನು ಪಕ್ಕದಲ್ಲಿ ನಿಲ್ತೀನಿ."

ರಕ್ತನಿಧಿಯ ಮಂಚದ ಮೇಲೆ ಮಲಗಿದ ಅವನು ಕಣ್ಣು ಬಿಗಿಯಾಗಿ ಮುಚ್ಚಿ "ಅಮ್ಮಾ!" ಎಂದು ಚೀರಿದ.

"ಇನ್ನೂ ಚುಚ್ಚಿಲ್ಲ ಪೈಲ್ವಾನ್ರೇ," ಎಂದರು ಸಿಸ್ಟರ್. "ಹತ್ತಿಯಲ್ಲಿ ಒರೆಸ್ತಿದ್ದೀನಿ."

ಎಲ್ಲ ಮುಗಿದ ಮೇಲೆ ಅವನು ಹಣ್ಣಿನ ರಸ ಹೀರುತ್ತಾ ಬೆರಗಿನಿಂದ ಕೇಳಿದ, "ಇಷ್ಟೇನಾ?"

ದಿನವಿಡೀ ಕೇಳಿದ ಮಾತುಗಳಲ್ಲಿ ಅತ್ತಿಗೆಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಇದೇ.

"ಇಷ್ಟೇ ಕಣೋ! ರಕ್ತ ಕೊಟ್ಟೋರೂ ನಿಮ್ಮ ಹಾಗೆ ಈ ಇಷ್ಟಕ್ಕೆ ಹೆದರಿದ್ರೆ ಅವಳು ಉಳೀತಿದ್ಲಾ!"

ಓದುತ್ತಿರುವವರೇ, ಈಗ ನಿಮ್ಮ ಮಾತಿಗೆ ಬರೋಣ. ವಯಸ್ಸು ಹದಿನೆಂಟು ತುಂಬಿ ಅರವತ್ತೈದು ದಾಟಿಲ್ಲವೇ? ತೂಕ ನಲವತ್ತೈದು ಕಿಲೋಗಿಂತ ಹೆಚ್ಚಿದೆಯೇ? ಆರೋಗ್ಯವಾಗಿದ್ದೀರಾ? ಹಾಗಾದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕಾಯಿಲೆಯಿದ್ದರೆ, ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಕೊಡಬಹುದೋ ಬೇಡವೋ ಎಂದು ಅಲ್ಲಿಯವರೇ ನೋಡಿ ಹೇಳುತ್ತಾರೆ.

ನಿಮ್ಮವರೇ ಆಸ್ಪತ್ರೆಯಲ್ಲಿ ಮಲಗುವ ತನಕ ಕಾಯಬೇಡಿ. ಆಗ ಕೊಟ್ಟ ರಕ್ತ ಆಗಲೇ ಕೈಗೆ ಬರುವುದಿಲ್ಲ. ನೆವಗಳನ್ನು ಕೇಳಿ ಕೇಳಿ ಸಾಕಾಗಿದೆ. ಈ ವಾರವೇ ಹತ್ತಿರದ ರಕ್ತನಿಧಿಗೆ ಹೋಗಿ, ತೋಳು ಚಾಚಿ. ಭಯವಾದರೆ ಕಣ್ಣು ಮುಚ್ಚಿಕೊಳ್ಳಿ. ಆದರೆ ಹೋಗಿ.