ಅವ್ವನ ಮೈಮೇಲಿನ ಸೀಸದ ಅಂಗಿ

ನಾನು ಸೀಸದ ಅಂಗಿ. ಹೆಸರು ಕೇಳಿ ನಗಬೇಡಿ. ಸೀಸದ ತೆಳು ಹಾಳೆಯನ್ನು ಎರಡು ಪದರ ನೀಲಿ ಬಟ್ಟೆಯ ನಡುವೆ ಇಟ್ಟು ಕಾರ್ಖಾನೆಯಲ್ಲಿ ನನ್ನನ್ನು ಹೊಲಿದರು. ಎತ್ತಿದವರೆಲ್ಲ ಮೊದಲು ಬೈಯುತ್ತಾರೆ, ಅಷ್ಟು ಭಾರ. ಬೈದುಕೊಳ್ಳಲಿ ಬಿಡಿ. ಸ್ಕ್ಯಾನಿಂಗ್ ಕೋಣೆಯಲ್ಲಿ ರೋಗಿಯ ಪಕ್ಕ ನಿಂತವರಿಗೆ ಎಕ್ಸ್-ರೇ ಕಿರಣ ತಾಗದಂತೆ ಅಡ್ಡ ನಿಲ್ಲುವುದು ನನ್ನ ಕೆಲಸ. ಮಿಷನ್ನಿನೊಳಗೆ ಮಲಗಿದವರಿಗೆ ನನ್ನಿಂದ ಕವಡೆಯಷ್ಟೂ ಉಪಕಾರವಿಲ್ಲ.

ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದೆ. ಅಲ್ಲಿ ಮಗು ಬಂತೆಂದರೆ ತೂಕ ನೋಡಿ ಅದಕ್ಕೆ ತಕ್ಕಂತೆ ಕಿರಣದ ಪ್ರಮಾಣ ಇಳಿಸುತ್ತಿದ್ದರು. ಸ್ಕ್ಯಾನ್ ಬೇಕೇ ಬೇಕಾ ಎಂದು ಡಾಕ್ಟರನ್ನೇ ಕೇಳುತ್ತಿದ್ದರು. ಬೇಕಾದಾಗ ಅದೇ ಸ್ಕ್ಯಾನು ಮಕ್ಕಳ ಜೀವ ಉಳಿಸಿದ್ದನ್ನೂ ಕಂಡಿದ್ದೇನೆ, ಸುಳ್ಳು ಹೇಳಬಾರದು. ಆಮೇಲೆ ಹೊಸ ಮಿಷನ್ ಬಂತು. ಹಳೆಯದರ ಜೊತೆ ನನ್ನನ್ನೂ ಕೊಪ್ಪಳದ ಕಡೆಯ ಊರೊಂದರ ಸ್ಕ್ಯಾನಿಂಗ್ ಸೆಂಟರಿಗೆ ಮಾರಿದರು.

ಇಲ್ಲಿ ಪೈಲ್ವಾನನಿಗೂ ಕೂಸಿಗೂ ಒಂದೇ ಅಳತೆ. ಮಿಷನ್ ನಡೆಸುವ ಮೌಲಾಸಾಬ ಒಳ್ಳೆಯವನೇ, ಆದರೆ ಕಿರಣ ಇಳಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಚಿತ್ರ ಸ್ಪಷ್ಟವಾಗಿ ಬಂದರೆ ಮಾಲೀಕರಿಗೆ ಸಂತೋಷ.

ಆರು ವರ್ಷದ ಕಸ್ತೂರಿ ಶಾಲೆಯ ಕಟ್ಟೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬಂದಳು. ಅವಳ ತಾಯಿ ದ್ಯಾಮವ್ವ ನನ್ನನ್ನು ತೊಟ್ಟು, ಮಗಳ ಕೈ ಹಿಡಿದು ನಿಂತಳು. ಚಿತ್ರದಲ್ಲಿ ಏನೂ ಇರಲಿಲ್ಲ. ಎರಡು ದಿನಕ್ಕೆ ನೋವೂ ಹೋಯಿತಂತೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯಿತು, ಅಷ್ಟೆ. ದ್ಯಾಮವ್ವನ ಅತ್ತೆ ಮಾತ್ರ ಮಿಷನ್ನೇ ನೋವನ್ನು ಎಳೆದುಹಾಕಿತೆಂದು ನಂಬಿಬಿಟ್ಟಳು. ಆಮೇಲೆ ಹುಡುಗಿ ಶಾಲೆಯಿಂದ ಬಂದು ತಲೆ ಹಿಡಿದುಕೊಂಡು ಕೂತರೆ ಸಾಕು, ದೃಷ್ಟಿ ತೆಗೆಸುವವರಂತೆ ಇಲ್ಲಿಗೆ ಕರೆತರುತ್ತಿದ್ದಳು. ಕೇಳಿದವರಿಗೆಲ್ಲ ಸ್ಕ್ಯಾನಿನ ಚೀಟಿ ಬರೆದುಕೊಡುವ ಡಾಕ್ಟರು ಪಕ್ಕದ ಬೀದಿಯಲ್ಲೇ ಇದ್ದರು. ಹೀಗೆ ಮೂರು ಸಲ ಆಯಿತು.

ನಾಲ್ಕನೆಯ ಸಲ ದ್ಯಾಮವ್ವ ನನ್ನ ಪಟ್ಟಿ ಬಿಗಿಯುತ್ತ, ಇಷ್ಟು ಭಾರದ್ದನ್ನು ಯಾಕೆ ಹಾಕಿಸುತ್ತೀರಿ ಎಂದು ಕೇಳಿದಳು. ಕಿರಣ ಮೈಗೆ ತಾಗಬಾರದು, ಚಲೋ ಅಲ್ಲ ಎಂದ ಮೌಲಾಸಾಬ.

“ಹಂಗಾದ್ರ ಕೂಸಿಗೆ?”

ಅವನು ಮಿಷನ್ನಿನ ಗುಂಡಿಗಳತ್ತ ತಿರುಗಿದ. ದ್ಯಾಮವ್ವ ನನ್ನನ್ನು ಬಿಚ್ಚಿ ಮಗಳ ಮುಖದವರೆಗೂ ಹೊದಿಸಿದಳು. ಭಾರಕ್ಕೆ ಹುಡುಗಿ ಅತ್ತಳು. ತಲೆ ಮುಚ್ಚಿದರೆ ಚಿತ್ರ ಬರುವುದಿಲ್ಲವೆಂದು ಅವನು ತಿಳಿಹೇಳಿದ. ಬರದಿದ್ದರೆ ಬೇಡವೆಂದು ಅವಳು ಮಗಳನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಬಾಗಿಲಲ್ಲಿ ಅತ್ತೆ ಅಡ್ಡ ಬಂದರೂ ನಿಲ್ಲಲಿಲ್ಲ. ಭೇಷ್ ಎನ್ನಲು ನನಗೆ ಬಾಯಿ ಇಲ್ಲವಲ್ಲ ಎಂದು ಅಂದು ಬೇಸರವಾಯಿತು.

ತಿಂಗಳ ಮೇಲೆ ತಾಯಿ ಮಗಳು ಮತ್ತೆ ಬಂದರು. ಕಸ್ತೂರಿಯ ಮೂಗಿನ ಮೇಲೆ ಕನ್ನಡಕವಿತ್ತು. ಸರ್ಕಾರಿ ಆಸ್ಪತ್ರೆಯ ಹೊಸ ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ಓದು ಎಂದರಂತೆ, ಇವಳಿಗೆ ಓದಲಾಗಲಿಲ್ಲವಂತೆ. ಶಾಲೆಯಲ್ಲಿ ಬೋರ್ಡು ಕಾಣದೆ ಕಣ್ಣು ಕಿರಿದು ಮಾಡಿ ಮಾಡಿ ತಲೆ ನೋಯುತ್ತಿತ್ತು. ಅಯ್ಯೋ, ಇಷ್ಟಕ್ಕಾಗಿಯೇ! ಬೆಳೆಯುವ ಮೈಗೆ ಕಿರಣ ಹೆಚ್ಚು ನಾಟುತ್ತದೆ, ಬಹಳಷ್ಟು ಮಕ್ಕಳಿಗೆ ಏನೂ ಆಗದು, ಅಪರೂಪಕ್ಕೆ ಯಾರಿಗೋ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರಬಹುದು, ಯಾರಿಗೆಂದು ಹೇಳಲು ಬಾರದು ಎಂದೂ ಆ ಡಾಕ್ಟರಮ್ಮ ತಿಳಿಸಿದ್ದರು. ದ್ಯಾಮವ್ವ ಅದನ್ನೆಲ್ಲ ಮೌಲಾಸಾಬನಿಗೆ ಒಪ್ಪಿಸಿ, ದನಿ ತಗ್ಗಿಸಿ ಕೇಳಿದಳು:

“ಒಳಗ ಹೋಗಿದ್ದನ್ನ ಹೊರಗ ತೆಗಿಯೂ ಮಿಷನ್ ಐತೇನು ಯಣ್ಣಾ?”

“ಇಲ್ಲ ತಂಗಿ.”

ಕಸ್ತೂರಿ ಆ ಕಡೆ ಗೋಡೆಯ ಮೇಲಿನ ಬರಹವನ್ನೆಲ್ಲ ಜೋರಾಗಿ ಓದುತ್ತಿದ್ದಳು. ನನಗೆ ಸಂಕಟ ತಡೆಯಲಾಗಲಿಲ್ಲ. ಆ ವಾರವೇ ಮೌಲಾಸಾಬ ಹುಬ್ಬಳ್ಳಿಗೆ ಹೋಗಿ ಮಕ್ಕಳಿಗೆ ಕಿರಣ ಇಳಿಸುವುದನ್ನು ಕಲಿತು ಬಂದ.

ಮಡಚಿ ಮಡಚಿ ನನ್ನ ಸೀಸ ಬಿರುಕು ಬಿಟ್ಟಿದೆ. ಈಗ ಸ್ಟೋರ್ ರೂಮಿನ ಮೂಲೆಯಲ್ಲಿ ಬಿದ್ದಿದ್ದೇನೆ. ಕಸ್ತೂರಿಗೆ ಏನೂ ಆಗಲಿಕ್ಕಿಲ್ಲ ಎಂದುಕೊಳ್ಳುತ್ತೇನೆ, ಆಗಬಾರದು. ನನ್ನನ್ನು ತೊಟ್ಟು ನಿಂತ ತಾಯಂದಿರು ಎಷ್ಟೋ ಮಂದಿ, ಎಲ್ಲರನ್ನೂ ಕಾಯ್ದೆ. ಆದರೆ ಅವರಲ್ಲಿ ಒಬ್ಬಳೂ ತನ್ನನ್ನು ಕಾಯಲೆಂದು ಆ ಕೋಣೆಗೆ ಬಂದವಳಲ್ಲ.